ಆತಿಥೇಯರಿಗೆ ಬೊಂಡ ಇಲ್ಲ

ಇಪ್ಪತ್ತೆಂಟು ವರ್ಷ ನಾನು ಮಾಡಿದ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಆಫೀಸಿನ ಕಾಗದಗಳಲ್ಲಿ ‘ಟೀಮ್ ಲಯೇಸನ್ ಆಫೀಸರ್’ ಎಂದಿತ್ತು. ನನ್ನ ಅತ್ತೆಯವರು ಅದನ್ನು ಒಮ್ಮೆ ಕೇಳಿಸಿಕೊಂಡು, ಎರಡನೆಯ ಸಲ ಕೇಳುವ ಸಾಹಸ ಮಾಡದೆ, ಉಡುಪಿಯ ನೆಂಟರಿಗೆಲ್ಲ “ಅಳಿಯನಿಗೆ ದುಬೈಯಲ್ಲಿ ಬಸ್ಸಿನ ಕೆಲಸ” ಎಂದು ಹೇಳಿಕೊಂಡು ಬಂದರು. ತೀರಾ ತಪ್ಪೇನಲ್ಲ. ಚಳಿಗಾಲದಲ್ಲಿ ಹಿಮ ಬೀಳುವ ದೇಶಗಳ ಫುಟ್‌ಬಾಲ್ ಕ್ಲಬ್ಬುಗಳು ಅಭ್ಯಾಸಕ್ಕೆಂದು ದುಬೈಗೂ ಅಬುಧಾಬಿಗೂ ಬರುತ್ತವೆ. ಅವರನ್ನು ವಿಮಾನ ನಿಲ್ದಾಣದಲ್ಲಿ ಎದುರುಗೊಂಡು, ಹೋಟೆಲ್, ಮೈದಾನ, ಊಟ, ಬಟ್ಟೆ ಒಗೆತ, ಐಸು, ವೈದ್ಯರು ಎಲ್ಲವನ್ನೂ ನೋಡಿಕೊಂಡು, ತಿರುಗಿ ಅದೇ ನಿಲ್ದಾಣದಲ್ಲಿ ಬಿಟ್ಟುಬರುವುದು ನನ್ನ ಕೆಲಸ. ಈ ಎಲ್ಲದರ ನಡುವೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದೆ.

ಮೊನ್ನೆ ನಮ್ಮ ಹಳೆಯ ಆಫೀಸಿಗೆ ಹೊಸದಾಗಿ ಸೇರಿದ ಮೂವರು ಅಬುಧಾಬಿಯ ಖಲೀಫಾ ಸಿಟಿಯ ನನ್ನ ಮಗಳ ಮನೆಗೆ ಬಂದಿದ್ದರು. ಇಬ್ಬರು ಮೈಸೂರಿನವರು, ಒಬ್ಬಳು ಕುಂದಾಪುರದ ಹುಡುಗಿ. “ಅಂಕಲ್, ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳಿ” ಅಂದರು. ಬಾಯಲ್ಲಿ ಹೇಳಿದರೆ ನಡುವೆ ಫೋನು ನೋಡುತ್ತಾರೆಂದು ಬರೆದು ಕೊಡುತ್ತಿದ್ದೇನೆ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ಮೂರು ಸಿಕ್ಕವು. ಮೂರರಲ್ಲೂ ವಿಸಿಟಿಂಗ್ ಕಾರ್ಡು ಬದಲಾಯಿತು, ಬಸ್ಸಿನ ಸೀಟು ಬದಲಾಗಲಿಲ್ಲ. ಬರೆಯಬೇಕಾದದ್ದು ಒಂದು ತಪ್ಪಿನ ವಿಷಯ. ನನ್ನ ದೆಸೆಯಿಂದ ಒಂದು ಪುಟ್ಟ ದ್ವೀಪರಾಷ್ಟ್ರದ ಕ್ಲಬ್ಬು, ತನ್ನ ಜೀವಮಾನದ ದೊಡ್ಡ ಪಂದ್ಯವನ್ನು ಚೆಂಡಿಗೆ ಕಾಲು ತಾಗಿಸದೆಯೇ ಸೋಲುವುದರಲ್ಲಿತ್ತು. ಆದರೆ ಆ ತಪ್ಪಿಗೆ ನಾನು ತಲುಪಬೇಕಾದರೆ ಇಪ್ಪತ್ತೊಂದು ವರ್ಷದ ಪರಿಶ್ರಮ ಬೇಕಾಯಿತು. ಆದ್ದರಿಂದ ಮೊದಲಿಂದಲೇ ಹೇಳಬೇಕು.

ಕೆಲಸಕ್ಕೆ ಸೇರಿದಾಗ ನನ್ನ ಮೇಲಧಿಕಾರಿ ಹಿಶಾಮ್ ಎಂಬ ಈಜಿಪ್ಟಿನವರು. ದೊಡ್ಡ ಹೊಟ್ಟೆ, ಸಣ್ಣ ದನಿ. ನಿಯಮಗಳ ಪುಸ್ತಕ ಅವರಲ್ಲಿರಲಿಲ್ಲ. ಇದ್ದದ್ದು ಒಂದೇ ಮಾತು: “ಯಾ ರಾವ್, ಅತಿಥಿ ಯಾವುದನ್ನೂ ಎರಡು ಸಲ ಕೇಳುವಂತಾಗಬಾರದು.” ಇನ್ನೊಂದು ಅಭ್ಯಾಸ ಕಲಿಸಿದರು. ಬ್ಯಾಗುಗಳನ್ನು ಪ್ರತಿ ಹೊಸ್ತಿಲಲ್ಲಿಯೂ ಗಟ್ಟಿಯಾಗಿ ಎಣಿಸಬೇಕು. ನಿಲ್ದಾಣದ ಬಾಗಿಲಲ್ಲಿ ಒಮ್ಮೆ, ಬಸ್ಸಿನ ಹೊಟ್ಟೆಗೆ ತುಂಬುವಾಗ ಒಮ್ಮೆ, ಹೋಟೆಲಿನಲ್ಲಿ ಒಮ್ಮೆ. ಮನಸ್ಸಿನಲ್ಲಿ ಎಣಿಸಿದ್ದಕ್ಕೆ ಬೆಲೆಯಿಲ್ಲ.

ಮೊದಲ ತಿಂಗಳಲ್ಲೇ ಒಂದು ಭಾರಿ ಕ್ಲಬ್ಬು ಬಂತು. ಐವತ್ತೆರಡು ಬ್ಯಾಗು. ಮೂರೂ ಕಡೆ ಎಣಿಸಿದೆ, ಮೂರೂ ಕಡೆ ಐವತ್ತೆರಡು. ರಾತ್ರಿ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಅಭ್ಯಾಸದ ಹೊತ್ತಿಗೆ ಅವರ ಸಾಮಾನಿನ ಮೇಲ್ವಿಚಾರಕ ಒಂದು ದೊಡ್ಡ ಬ್ಯಾಗು ತೆರೆದರೆ ಬೂಟುಗಳ ಬದಲು ಧಾರೆ ಸೀರೆ, ಒಂದು ಡಬ್ಬಿ ಚಕ್ಕುಲಿ, ಕುಂಕುಮದ ಭರಣಿ. ಕಾಸರಗೋಡಿನ ಹೊಸ ದಂಪತಿಗಳ ಪೆಟ್ಟಿಗೆಯನ್ನು ನಾನು ಲೆಕ್ಕ ತಪ್ಪದಂತೆ ಹೊತ್ತು ತಂದಿದ್ದೆ. ನಮ್ಮ ಬೂಟುಗಳು ನಿಲ್ದಾಣದ ಪಟ್ಟಿಯ ಮೇಲೆ ಒಂಟಿಯಾಗಿ ಸುತ್ತುತ್ತಿದ್ದವು. ಜಗತ್ತಿಗೆಲ್ಲ ಹೆಸರಾದ ಆ ಕ್ಲಬ್ಬಿನ ಮುಂಪಡೆ ಅಂದು ವಾಕಿಂಗ್ ಶೂ ಹಾಕಿಕೊಂಡು ಅಭ್ಯಾಸ ಮಾಡಿತು. ಹಿಶಾಮ್ ಬೈಯಲಿಲ್ಲ. ಪೆಟ್ಟಿಗೆಯನ್ನು ಆ ದಂಪತಿಗಳ ಮನೆಗೆ ನಾನೇ ಹೊತ್ತುಕೊಂಡು ಹೋಗಬೇಕೆಂದರು, ಜೊತೆಗೆ ಒಂದು ಕಿಲೋ ಸಿಹಿ. ಮದುಮಗಳು ಮೊದಲು ಚಕ್ಕುಲಿ ಎಣಿಸಿದಳು. ಅವಳ ಅನುಮಾನ ನ್ಯಾಯವಾದದ್ದೇ. ಎರಡು ಕಡಿಮೆ ಇದ್ದವು. ಗೋಲ್‌ಕೀಪರ್ ತಿಂದಿದ್ದ.

ಅಂದು ಸಂಜೆ ಕೂತು ಒಂದು ಫಾರಂ ತಯಾರಿಸಿದೆ. ನಾಲ್ಕು ಪುಟ, ಐವತ್ತಮೂರು ಚೌಕ. ಬ್ಯಾಗಿನ ಚೀಟಿ ಓದಿದ್ದು, ಬಸ್ಸಿನ ಎ.ಸಿ. ನೋಡಿದ್ದು, ಯಾರಿಗೆ ಯಾವ ಆಹಾರ ಒಗ್ಗದು, ಯಾರಿಗೆ ಯಾರ ಜೊತೆ ಕೋಣೆ ಒಗ್ಗದು, ಎಲ್ಲಕ್ಕೂ ಒಂದೊಂದು ಚೌಕ. ಮೇಲೆ ದಪ್ಪ ಅಕ್ಷರದಲ್ಲಿ ‘ಅತಿಥಿ ತಂಡ’ ಎಂಬ ಶಿರೋನಾಮೆ. ಫ್ಯಾಕ್ಸಿನ ಕಾಲ ಹೋಯಿತು, ಈಮೇಲ್ ಬಂತು, ವಾಟ್ಸಾಪ್ ಬಂತು, ಫಾರಂ ಕಂಪ್ಯೂಟರಿನೊಳಗೆ ಹೋಯಿತು. ಚೌಕಗಳಲ್ಲಿ ಒಂದೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಹೊಸಬರು ಬಂದಾಗ ನಾನು ಅದನ್ನು ಉಪನಯನದ ಗಾಂಭೀರ್ಯದಿಂದ ಅವರ ಕೈಗಿಡುತ್ತಿದ್ದೆ. ಮನೆಯಲ್ಲಿ ಸುಮತಿ ಮಾತ್ರ, “ನಿಮ್ಮ ಫಾರಮ್ಮಿನಲ್ಲಿ ಹೆಂಡತಿಗೆ ಫೋನು ಮಾಡುವ ಚೌಕ ಉಂಟಾ?” ಎಂದು ಕೇಳುತ್ತಿದ್ದಳು. ಇರಲಿಲ್ಲ.

ಇನ್ನು ದ್ವೀಪದವರ ವಿಷಯ.

ಆ ದೇಶದ ಹೆಸರು ಹೇಳುವುದಿಲ್ಲ. ಭೂಪಟದಲ್ಲಿ ಅದೊಂದು ಚುಕ್ಕೆ. ಹೆಸರು ಚುಕ್ಕೆಗಿಂತ ಉದ್ದವಾದ್ದರಿಂದ ಸಮುದ್ರದ ಮೇಲೆ ಬರೆದಿರುತ್ತಾರೆ. ಕ್ಲಬ್ಬು ಮಾತ್ರ ಅಪ್ಪಟ ವೃತ್ತಿಪರ ಕ್ಲಬ್ಬು. ಕೋಚು, ಒಪ್ಪಂದ, ಸಂಬಳ ಎಲ್ಲ ಉಂಟು. ಮ್ಯಾನೇಜರ್ ಆದಂ ಎಂಬವರು, ಆಗಲೇ ಅರವತ್ತು ದಾಟಿದ್ದರು. ದೋಣಿ ಕಟ್ಟುವವರ ಮನೆತನ. ಪ್ರಾಯದಲ್ಲಿ ಅದೇ ಕ್ಲಬ್ಬಿನ ಗೋಲ್‌ಕೀಪರ್. ಎಡಗೈಯ ಎರಡು ಬೆರಳು ಸೊಟ್ಟಗಿದ್ದವು. ಒಂದು ಚೆಂಡಿನಿಂದ, ಇನ್ನೊಂದು ಉಳಿಯಿಂದ. ಯಾವುದು ಯಾವುದರಿಂದ ಎಂದು ಪ್ರತಿ ಸಲವೂ ಬೇರೆ ಬೇರೆ ಹೇಳುತ್ತಿದ್ದರು.

ಆ ವರ್ಷ ಅವರು ತಮ್ಮ ದೇಶದ ಲೀಗ್ ಗೆದ್ದು, ಮೊದಲ ಸಲ ಖಂಡದ ಮಟ್ಟದ ಪಂದ್ಯಾವಳಿಗೆ ಬಂದಿದ್ದರು. ಅರ್ಹತೆಗೆ ಒಂದೇ ಪಂದ್ಯ, ಅದೂ ಚೀಟಿ ಎತ್ತಿದಾಗ ಅವರದೇ ಊರಿನಲ್ಲಿ ಎಂದು ಬಂದಿತ್ತು. ಆದರೆ ಅವರ ಮೈದಾನದ ದೀಪಗಳ ಬೆಳಕು ಸಾಲದು ಎಂದು ತಪಾಸಣೆಗೆ ಬಂದವರು ಬರೆದರು. ಬೇರೆ ದೇಶದ ಮೈದಾನವನ್ನು ತಮ್ಮದೆಂದು ಆರಿಸಿಕೊಳ್ಳಬಹುದು ಎಂಬ ನಿಯಮವಿದೆ. ಅವರು ಅಬುಧಾಬಿಯ ಒಂದು ಸಣ್ಣ ಮೈದಾನ ಆರಿಸಿದರು. ಎದುರಾಳಿ ಇನ್ನೊಂದು ದೇಶದ ಶ್ರೀಮಂತ ಕ್ಲಬ್ಬು. ಆದಂ ನನಗೆ ಮೊದಲ ಸಲ ಫೋನು ಮಾಡಿದಾಗ ಹೇಳಿದ ಮಾತು ನನಗೆ ಈಗಲೂ ಕೇಳಿಸುತ್ತದೆ:

“ಮಿಸ್ಟರ್ ರಾವ್, ನಲವತ್ತು ವರ್ಷದಿಂದ ಕಾಯ್ತಾ ಇದ್ದೇವೆ, ಇಂಥ ಪಂದ್ಯ ಒಂದನ್ನು ನಮ್ಮ ಮನೆಯಲ್ಲಿ ಆಡಬೇಕು ಅಂತ. ಮನೆ ಎಲ್ಲಿದ್ದರೂ ಪರವಾಗಿಲ್ಲ.”

ನಾನು “ಖಂಡಿತ, ಸರ್” ಅಂದು ಫಾರಂ ತೆಗೆದೆ.

ಎರಡೂ ತಂಡಗಳ ಜವಾಬ್ದಾರಿ ನಮ್ಮ ಕಂಪನಿಯದೇ. ದ್ವೀಪದವರು ಒಂದು ವಾರ ಮೊದಲೇ ಬಂದರು. ಮೂವತ್ತೊಂದು ಬ್ಯಾಗು, ಅದರಲ್ಲಿ ಮೂರು ಒಣಮೀನಿನದ್ದು. ಹೋಟೆಲ್ ಬೇಡ, ಅಡುಗೆಮನೆ ಇರುವ ಕಡೆ ಬೇಕೆಂದು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಫ್ಲಾಟು ಹಿಡಿದರು. ಬ್ಯಾಚುಲರ್‌ಗಳು ತುಂಬಿದ ಆ ಕಟ್ಟಡದಲ್ಲಿ ಮೂರನೆಯ ದಿನಕ್ಕೆ ಎಲ್ಲರೂ ಅವರ ಅಭಿಮಾನಿಗಳು. ಮೀನಿನ ವಾಸನೆಗೆ ಬೈಯಲು ಬಂದವರು ಊಟ ಮಾಡಿ ಹೋದರು. ನಾನು ದಿನವೂ ಚೌಕಗಳಿಗೆ ಗುರುತು ಹಾಕುತ್ತಾ ಬಂದೆ. ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಅವರನ್ನು ಅಬುಧಾಬಿಗೆ ಕರೆತರುವಾಗ ಐವತ್ತಮೂರೂ ಚೌಕ ತುಂಬಿದ್ದವು. ಬಸ್ಸಿನ ಡ್ರೈವರ್ ಗುಲ್ ಜಮಾನ್, ಪೇಶಾವರದ ಕಡೆಯವ, ನನ್ನ ಜೊತೆ ಹದಿನಾಲ್ಕು ವರ್ಷ ಓಡಿಸಿದವ, “ಇವತ್ತು ಬಹಳ ಖುಷಿಯಲ್ಲಿದ್ದೀರಿ ರಾವ್ ಸಾಬ್, ನನಗೆ ಭಯ ಆಗ್ತಿದೆ” ಅಂದ. ಅವನ ಕಣ್ಣು ರಸ್ತೆಯ ಮೇಲೆ ಮಾತ್ರವಲ್ಲ, ನನ್ನ ಮುಖದ ಮೇಲೂ ಇರುತ್ತಿತ್ತು.

ಹತ್ತು ಗಂಟೆಗೆ ಮೈದಾನದ ಕೋಣೆಯಲ್ಲಿ ಎರಡೂ ತಂಡದವರ ಸಭೆ. ಮ್ಯಾಚ್ ಕಮಿಷನರ್ ಎಂದು ಪಂದ್ಯಾವಳಿಯ ಕಡೆಯಿಂದ ಒಬ್ಬ ಅಧಿಕಾರಿ ಬರುತ್ತಾರೆ. ಎಲ್ಲ ನಿಯಮದಂತೆ ನಡೆಯುತ್ತದೆಯೇ ಎಂದು ನೋಡುವುದು ಅವರ ಕೆಲಸ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ, ನಗುವುದನ್ನು ಯಾವುದೋ ಹಿಂದಿನ ಹುದ್ದೆಯಲ್ಲಿ ಬಿಟ್ಟುಬಂದಿದ್ದ ಮನುಷ್ಯ.

“ಆತಿಥೇಯ ಕ್ಲಬ್ಬಿನ ಪ್ರತಿನಿಧಿ ಯಾರು?” ಅಂದರು.

ನಾನು ಎದುರಾಳಿ ಕ್ಲಬ್ಬಿನ ಮ್ಯಾನೇಜರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಆಗ ಆದಂ ಹಾಜರಿ ಕೂಗಿದಾಗ ಕೈಯೆತ್ತುವವರಂತೆ ಸಂತೋಷದಿಂದ ಕೈಯೆತ್ತಿದರು. “ನಾವು, ಸರ್.”

“ಚೆಂಡು ಹೆಕ್ಕಿಕೊಡುವ ಮಕ್ಕಳು ಹನ್ನೆರಡು?”

ಆದಂ ನನ್ನ ಮುಖ ನೋಡಿದರು.

“ಸ್ಟ್ರೆಚರ್ ಹೊರುವವರು ನಾಲ್ವರು? ಆಂಬುಲೆನ್ಸ್ ಎರಡು? ಧ್ವಜ?”

ಪ್ರತಿ ಪ್ರಶ್ನೆಗೂ ಆದಂ ನನ್ನ ಮುಖ ನೋಡಿದರು, ನಾನು ಫಾರಮ್ಮಿನ ಮುಖ ನೋಡಿದೆ. ಐವತ್ತಮೂರು ಚೌಕದಲ್ಲಿ ಇವು ಯಾವುವೂ ಇಲ್ಲ. ಅವೆಲ್ಲ ಆತಿಥೇಯರು ಮಾಡಿಡಬೇಕಾದ ಏರ್ಪಾಡು. ಮೈದಾನದವರು ಕೊಡುವುದು ಹುಲ್ಲು, ಗೋಡೆ, ದೀಪ. ಇಪ್ಪತ್ತೊಂದು ವರ್ಷ ನಾನು ಅತಿಥಿಗಳನ್ನು ಮಾತ್ರ ನೋಡಿಕೊಂಡವನು. ಹೊರದೇಶದಿಂದ ಬ್ಯಾಗು ಹಿಡಿದು ಬಂದವರೆಲ್ಲ ಅತಿಥಿಗಳು ಎಂಬುದು ನನ್ನ ಸಿದ್ಧಾಂತ. ಹೊರದೇಶದಿಂದ ಬ್ಯಾಗು ಹಿಡಿದು ಬಂದವರೇ ಮನೆಯ ಯಜಮಾನರೂ ಆಗಿರಬಹುದು ಎಂಬುದು ಹೊಳೆಯಲೇ ಇಲ್ಲ. ಸಾಲದ್ದಕ್ಕೆ, ಮೈದಾನದಲ್ಲಿ ಆತಿಥೇಯರಿಗೆಂದೇ ಇರುವ ದೊಡ್ಡ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಎದುರಾಳಿಗಳ ಹೆಸರನ್ನು ನಾನೇ ಅಂಟಿಸಿದ್ದೆ. ಅವರು ಆಗಲೇ ಒಳಗೆ ತಮ್ಮ ಪಟಗಳನ್ನೂ ತೂಗುಹಾಕಿ ಆಗಿತ್ತು.

ಕಮಿಷನರ್ ಕನ್ನಡಕ ತೆಗೆದರು. “ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಬರುತ್ತೇನೆ. ಇವೆಲ್ಲ ಇದ್ದರೆ ಸಂಜೆ ಪಂದ್ಯ. ಇಲ್ಲದಿದ್ದರೆ ಪಂದ್ಯ ಇಲ್ಲ, ಆತಿಥೇಯರು ಮೂರು-ಸೊನ್ನೆಯಿಂದ ಸೋತರು ಎಂದು ಬರೆಯುತ್ತೇನೆ.”

ಹೊರಗೆ ಬಂದು ಆದಂ ಅವರ ಮುಂದೆ ನಿಂತೆ. ಕ್ಷಮೆ ಕೇಳಲು ಬಾಯಿ ತೆರೆದರೆ ಮಾತು ಇಂಗ್ಲಿಷಿನಲ್ಲಿ ಬರಲಿಲ್ಲ, ತುಳುವಿನಲ್ಲಿ ಬಂತು. ಆದಂ ತಡೆದು ಕೇಳಿದರು:

“ಹಾಗಾದರೆ ನಾಳೆ ನಾವು ನಿಜವಾಗಿಯೂ ಆತಿಥೇಯರು?”

“ಹೌದು ಸರ್. ಅದೇ ತಾಪತ್ರಯ.”

“ಎಳನೀರು ಎಲ್ಲಿ ಸಿಗುತ್ತದೆ?”

ಆಘಾತದಿಂದ ಅವರಿಗೆ ಬಾಯಾರಿರಬೇಕು ಎಂದುಕೊಂಡು ಕುರ್ಚಿ ಹುಡುಕಿದೆ. ಅವರು ಕೂರಲಿಲ್ಲ. ಅವರ ದೇಶದಲ್ಲಿ ಒಂದು ದ್ವೀಪದ ಕ್ಲಬ್ಬು ಇನ್ನೊಂದು ದ್ವೀಪಕ್ಕೆ ದೋಣಿಯಲ್ಲಿ ಹೋಗುತ್ತದಂತೆ. ದೋಣಿ ಕಟ್ಟೆಗೆ ತಾಗುವಾಗ ಆತಿಥೇಯ ತಂಡದ ಆಟಗಾರರು ಸಾಲಾಗಿ ನಿಂತು, ಇಳಿದ ಪ್ರತಿಯೊಬ್ಬರ ಕೈಗೂ ಒಂದೊಂದು ಎಳನೀರು ಕೊಡಬೇಕು. ನಮ್ಮ ಕರಾವಳಿಯಲ್ಲಿ ನಾವು ಬೊಂಡ ಎನ್ನುತ್ತೇವಲ್ಲ, ಅದು. ಕೊಡದೆ ಆಡಿದ ಪಂದ್ಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಗೆದ್ದರೂ. “ಆಂಬುಲೆನ್ಸ್ ನಿಮ್ಮ ಪಾಲು, ಬೊಂಡ ನನ್ನ ಪಾಲು” ಎಂದು ವಿಭಾಗ ಮಾಡಿದರು.

“ಆ ದೊಡ್ಡ ಕೋಣೆ ನಿಮ್ಮದು ಸರ್. ಅವರನ್ನು ಈಗಲೇ ಬೇರೆ ಕೋಣೆಗೆ ಹೋಗಲು ಹೇಳುತ್ತೇನೆ” ಅಂದೆ.

“ಕೂತಾಗಿದೆಯಲ್ಲ. ಕೂತ ಅತಿಥಿಗಳನ್ನು ಎಬ್ಬಿಸುವುದುಂಟೇ?” ಅಂದರು.

ಹಿಶಾಮ್‌ಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಆ ಕಡೆಯಿಂದ ಅದೇ ಸಣ್ಣ ದನಿ.

“ಯಾ ರಾವ್, ಈ ದೇಶಕ್ಕೆ ಬಂದ ಮೇಲೆ ನೀನು ಯಾರನ್ನಾದರೂ ಮನೆಗೆ ಊಟಕ್ಕೆ ಕರೆದಿದ್ದೀಯಾ?”

“ಕರೆದಿದ್ದೇನೆ ಸರ್. ನಿಮ್ಮನ್ನೇ ನಾಲ್ಕು ಸಲ.”

“ಆಗ ಫಾರಂ ತುಂಬಿದ್ದೆಯಾ?”

“ಇಲ್ಲ.”

“ಊಟ ಚೆನ್ನಾಗಿತ್ತು. ಖಲಾಸ್. ಈಗಲೂ ಫಾರಂ ಪಕ್ಕಕ್ಕಿಡು. ಆಂಬುಲೆನ್ಸ್ ನನಗೆ ಬಿಡು. ಯಲ್ಲಾ, ಹೊರಡು.”

ಬೈಗುಳವಿಲ್ಲದ ಮೇಲಧಿಕಾರಿ ಸಿಗುವುದು ಪೂರ್ವಜನ್ಮದ ಸುಕೃತ ಎಂದು ನಮ್ಮಲ್ಲಿ ಹೇಳುತ್ತಾರೆ. ನನ್ನ ಪೂರ್ವಜನ್ಮ ಒಟ್ಟಿನಲ್ಲಿ ಚೆನ್ನಾಗಿಯೇ ಹೋಗಿರಬೇಕು.

ಮುಂದಿನ ಫೋನು ವಿಠಲ ಶೆಟ್ಟಿಗೆ. ಕಾಪುವಿನವರು, ಅಬುಧಾಬಿಯ ಮುಸಫ್ಫಾದಲ್ಲಿ ಕೆಫೆಟೇರಿಯಾ ಇತ್ತು, ಇಲ್ಲಿಯ ನಮ್ಮ ಊರವರ ಸಂಘದ ಹಗ್ಗಜಗ್ಗಾಟ ತಂಡದ ನಾಯಕ.

“ಶೆಟ್ರೆ, ಗಟ್ಟಿ ಜನ ನಾಲ್ವರು ಬೇಕು. ಹೊರುವುದಕ್ಕೆ.”

“ಅಯ್ಯೋ ಮಾರಾಯ್ರೆ. ಯಾರು ತೀರಿಹೋದದ್ದು?”

“ಯಾರೂ ಇಲ್ಲ. ಈಗಿನ ಲೆಕ್ಕದಲ್ಲಿ ನಾನೇ.”

ವಿಷಯ ತಿಳಿಸಿದೆ. ಶೆಟ್ಟರು ಸ್ವಲ್ಪ ಯೋಚಿಸಿ, “ನಾಲ್ವರು ಎಂತಕ್ಕೆ? ನಮ್ಮ ತಂಡ ಎಂಟು ಜನ. ಇಬ್ಬರು ಆಟಗಾರರು ಒಟ್ಟಿಗೆ ಬಿದ್ದರೆ?” ಅಂದರು. ದೂರಾಲೋಚನೆಯನ್ನು ಗೌರವಿಸಿ ಎಂಟು ಜನರನ್ನೂ ಬರಹೇಳಿದೆ. “ಆ ದ್ವೀಪದವರಿಗೆ ಜೈ ಅನ್ನುವವರು ಇದ್ದಾರಾ?” ಎಂದೂ ಕೇಳಿದರು. ಇಲ್ಲವೇನೋ ಅಂದೆ. “ಛೆ. ಮನೆಯಲ್ಲಿ ಆಡುವಾಗ ಮನೆಯವರು ಬೇಡವಾ?” ಎಂದು ಫೋನಿಟ್ಟರು.

ಮಗಳು ಅಶ್ವಿನಿ ಆಗಷ್ಟೇ ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ಆಟದ ಟೀಚರ್ ಆಗಿದ್ದಳು. ಹನ್ನೆರಡು ಮಕ್ಕಳು ಬೇಕೆಂದೆ. “ಅಪ್ಪ, ನಾಳೆಗೆ? ಪೇರೆಂಟ್ಸ್ ಪರ್ಮಿಷನ್ ಬೇಕು” ಅಂದಳು. ಅವಳ ವಾಟ್ಸಾಪ್ ಗುಂಪುಗಳನ್ನು ನಾನು ಹಲವು ವರ್ಷ ಹೀಗಳೆದವನು. ಬೆಳಗಾದರೆ ಹೂವಿನ ಚಿತ್ರ ಕಳಿಸುವವರ ಸಂತೆ ಎಂದವನು. ಆ ಸಂತೆಯಲ್ಲಿ ನಲವತ್ತು ನಿಮಿಷಕ್ಕೆ ಹನ್ನೆರಡು ಒಪ್ಪಿಗೆ ಬಂತು. ಶಾಲೆಯ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಪೂರ್ತಿ. ಫ್ಯಾಕ್ಸಿನ ಕಾಲವೇ ಚೆನ್ನಾಗಿತ್ತು ಎಂದು ನಾನು ಅಂದಿನಿಂದ ಹೇಳಿಲ್ಲ. ಯೋಚಿಸಿದ್ದೇನೆ, ಹೇಳಿಲ್ಲ.

ಮರುದಿನ ಬೆಳಿಗ್ಗೆ ಗುಲ್ ಜಮಾನ್ ಬಸ್ಸಿನಲ್ಲಿ ನನ್ನನ್ನೂ ಆದಂ ಅವರನ್ನೂ ಬಂದರಿನ ಬಳಿಯ ಅಲ್ ಮೀನಾ ಮಾರ್ಕೆಟ್ಟಿಗೆ ಕರೆದೊಯ್ದ. ದಾರಿ ಮೀನು ಮಾರ್ಕೆಟ್ಟಿನ ಮೇಲೆಯೇ ಹೋಗುತ್ತದೆ. ಆದಂ ಇಳಿದು ಒಂದು ಟ್ಯೂನಾ ಮೀನಿನ ಮುಂದೆ ನಿಂತರು. ಐಸಿನ ಹಾಸಿಗೆಯ ಮೇಲೆ, ನಿಂಬೆಹಣ್ಣುಗಳ ನಡುವೆ ಅದು ಮಲಗಿತ್ತು. “ನಮ್ಮ ಊರಿನ ಮೀನಿಗೆ ನಮ್ಮ ಊರಿನಲ್ಲಿ ಇಷ್ಟು ಮರ್ಯಾದೆ ಇಲ್ಲ” ಅಂದರು. ತರಕಾರಿ ಮಾರ್ಕೆಟ್ಟಿನಲ್ಲಿ ಅಂಗಡಿಯವ ನಲವತ್ತು ಎಳನೀರು ತೋರಿಸಿದ. ಆದಂ ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ, ಸೊಟ್ಟ ಬೆರಳಿನಿಂದ ತಟ್ಟಿ, ಡಾಕ್ಟರು ಎದೆ ಪರೀಕ್ಷಿಸಿದಂತೆ ಪರೀಕ್ಷಿಸಿ ಮೂವತ್ತನ್ನು ಪಾಸು ಮಾಡಿದರು. ಒಂದು ಗಂಟೆ ಹಿಡಿಯಿತು. ನಾನು ಗಡಿಯಾರ ನೋಡುತ್ತಿದ್ದೆ. ಮೈದಾನದೊಳಗೆ ಕತ್ತಿ ಬಿಡುವುದಿಲ್ಲ ಎಂಬುದು ಆಗ ನೆನಪಾಯಿತು. ಅಂಗಡಿಯವನೇ ಎಲ್ಲವನ್ನೂ ತಲೆಯ ಕಡೆ ತೆಳ್ಳಗೆ ಕೆತ್ತಿ, ಸ್ಟ್ರಾ ಚುಚ್ಚಿದರೆ ಸಾಕು ಎಂಬಂತೆ ಮಾಡಿಕೊಟ್ಟ. ನನ್ನ ಇಪ್ಪತ್ತೊಂದು ವರ್ಷದಲ್ಲಿ ಫಾರಂ ಇಲ್ಲದೆ ಮಾಡಿದ ಮೊದಲ ಯೋಜನೆ ಅದು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮೈದಾನ ತಲುಪಿದೆವು. ಹಿಶಾಮ್ ಎರಡು ಆಂಬುಲೆನ್ಸುಗಳ ನಡುವೆ ಮೂರನೆಯದರಂತೆ ನಿಂತಿದ್ದರು. ಹನ್ನೆರಡು ಹೆಣ್ಣುಮಕ್ಕಳು ಎತ್ತರದ ಕ್ರಮದಲ್ಲಿ ನಿಂತಿದ್ದರು. ಶೆಟ್ಟರ ಎಂಟು ಮಂದಿ, ಪ್ರಥಮ ಚಿಕಿತ್ಸೆಯವರು ಹೇಳಿಕೊಟ್ಟಂತೆ, ತಮ್ಮಲ್ಲೇ ಹಗುರದವನೊಬ್ಬನನ್ನು ಮಲಗಿಸಿಕೊಂಡು ಓಡುವ ಅಭ್ಯಾಸ ಮಾಡುತ್ತಿದ್ದರು. ಆ ಹಗುರದವ ತೊಂಬತ್ತು ಕಿಲೋ.

ಕಮಿಷನರ್ ಒಂದೊಂದಾಗಿ ನೋಡಿ ಗುರುತು ಹಾಕಿದರು. “ಧ್ವಜ?”

ಉಳಿದೆಲ್ಲದರ ನಡುವೆ ಅದು ಮರೆತೇ ಹೋಗಿತ್ತು. ಆದಂ ತಮ್ಮ ಕೈಚೀಲದಿಂದ ಒಂದು ದಿಂಬಿನ ಚೀಲ ತೆಗೆದರು. ಅದರೊಳಗೆ ಇಸ್ತ್ರಿ ಮಾಡಿ ಮಡಚಿದ ಧ್ವಜ.

“ನಿಮ್ಮಲ್ಲಿತ್ತಾ? ಮೊದಲೇ ಹೇಳಬಾರದಿತ್ತಾ ಸರ್?” ಅಂದೆ.

“ಇದನ್ನು ಬೇರೆಯವರು ತರುತ್ತಾರೆ ಅಂತ ನಾನು ಅಂದುಕೊಂಡೇ ಇರಲಿಲ್ಲ” ಅಂದರು.

ಕಮಿಷನರ್ ಕೊನೆಗೆ ಡ್ರೆಸ್ಸಿಂಗ್ ರೂಮಿನ ಹತ್ತಿರ ನಿಂತರು. “ಆತಿಥೇಯರು ಚಿಕ್ಕ ಕೋಣೆಯಲ್ಲಿ ಯಾಕಿದ್ದಾರೆ?”

“ದೊಡ್ಡದನ್ನು ಅವರಿಗೆ ಕೊಟ್ಟಿದ್ದೇವೆ” ಎಂದು ಆದಂ ಹೇಳಿದರು, ನನ್ನ ಹೆಸರನ್ನು ಎಲ್ಲಿಯೂ ತರದೆ. ಕಮಿಷನರ್ ತಮ್ಮ ಕಾಗದದ ಮೇಲೆ ಬಹಳ ಹೊತ್ತು ಏನೋ ಬರೆದರು. ಆಮೇಲೆ ಸಹಿ ಹಾಕಿದರು. ಪಂದ್ಯ ಉಂಟು ಎಂದಾಯಿತು.

ಸಂಜೆ ಎದುರಾಳಿಗಳ ಬಸ್ಸು ಬಂದಾಗ ದ್ವೀಪದ ಹನ್ನೊಂದು ಜನ, ಬದಲಿ ಆಟಗಾರರು, ಕೋಚು ಎಲ್ಲರೂ ಕೈಯಲ್ಲಿ ಬೊಂಡ ಹಿಡಿದು ಸಾಲಾಗಿ ನಿಂತಿದ್ದರು. ಬಸ್ಸಿನಿಂದ ಮೊದಲು ಇಳಿದದ್ದು ಅವರ ಆಹಾರ ತಜ್ಞ. ಹೊರಗಿನದು ಯಾವುದನ್ನೂ ಕುಡಿಯಬಾರದು, ನಿಯಮ ಎಂದ. ಸಾಲು ಹಾಗೆಯೇ ನಿಂತಿತ್ತು. ಆದಂ ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಆಗ ಎದುರಾಳಿಗಳ ನಾಯಕ, ಆರಡಿ ಎತ್ತರದ ಆಳು, ಆಹಾರ ತಜ್ಞನ ತಲೆಯ ಮೇಲಿಂದ ಕೈ ಚಾಚಿ ಒಂದನ್ನು ತೆಗೆದುಕೊಂಡು ಒಂದೇ ಎಳೆತಕ್ಕೆ ಮುಗಿಸಿ, “ಗಂಜಿ ಉಂಟಾ ಒಳಗೆ?” ಎಂದು ಎಳೆಯ ತಿರುಳನ್ನು ಕೇಳುವಂತೆ ಸನ್ನೆ ಮಾಡಿದ. ಅವನೂ ಎಲ್ಲೋ ಕಡಲತೀರದಲ್ಲಿ ಹುಟ್ಟಿದವನಿರಬೇಕು. ಉಳಿದವರೂ ತೆಗೆದುಕೊಂಡರು. ಕೊನೆಗೆ ಆಹಾರ ತಜ್ಞನೂ.

ಪ್ರೇಕ್ಷಕರ ಮೆಟ್ಟಿಲುಗಳಲ್ಲಿ ದ್ವೀಪದವರು ನಲವತ್ತು ಜನ ಇದ್ದರು. ಹೋಟೆಲ್ ಕೆಲಸದವರು, ಹಡಗಿನವರು, ಒಬ್ಬ ನರ್ಸ್. ಅವರ ಪಕ್ಕದಲ್ಲಿ ಶೆಟ್ಟರು ಕರೆತಂದ ಸಂಘದವರು ನೂರಕ್ಕೆ ಕಡಿಮೆಯಿಲ್ಲ, ಇಂಟರ್‌ನ್ಯಾಷನಲ್ ಸಿಟಿಯಿಂದ ಒಣಮೀನಿನ ಋಣದವರು ಎರಡು ವ್ಯಾನು, ಹನ್ನೆರಡು ಹೆಣ್ಣುಮಕ್ಕಳ ತಂದೆತಾಯಂದಿರು. ಸುಮತಿಯೂ ಬಂದಿದ್ದಳು. ದ್ವೀಪದ ಕ್ಲಬ್ಬಿಗೆ ತುಳುವಿನಲ್ಲಿ ಜೈಕಾರ ಬಿದ್ದದ್ದು ಅದೇ ಮೊದಲಿರಬೇಕು.

ಪಂದ್ಯ ಒಂದು-ನಾಲ್ಕಕ್ಕೆ ಸೋತೆವು. ‘ಸೋತೆವು’ ಎಂದು ಬರೆದಿದ್ದೇನೆ, ಹಾಗೆಯೇ ಇರಲಿ.

ಆ ಒಂದು ಗೋಲನ್ನು ಆದಂ ನೋಡಲಿಲ್ಲ. ಆ ಹೊತ್ತಿಗೆ ಅವರು ಕಮಿಷನರಿಗೆ ಚಹಾ ಹೋಯಿತೇ ಎಂದು ವಿಚಾರಿಸಲು ಒಳಗೆ ಹೋಗಿದ್ದರು. ನಾನೂ ನೋಡಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ದ್ವೀಪದ ಒಬ್ಬ ಆಟಗಾರ ಬಿದ್ದಿದ್ದ. ಶೆಟ್ಟರ ಹುಡುಗರು ಎಷ್ಟು ವೇಗವಾಗಿ ಓಡಿದರೆಂದರೆ, ಇವರು ತಲುಪುವಾಗ ಅವನು ಎದ್ದು ನಿಂತಿದ್ದರೂ, ಬಂದ ಕೆಲಸ ಬಿಡಬಾರದೆಂದು ಅವನನ್ನು ಮಲಗಿಸಿ ಹೊತ್ತುಕೊಂಡೇ ಬಂದರು. ಅವನು ಬೊಬ್ಬೆ ಹಾಕುತ್ತಿದ್ದ. ಅವನನ್ನು ಬಿಡಿಸಿ ಒಳಗೆ ಕಳಿಸಿ, ಸ್ಟ್ರೆಚರನ್ನು ಬದಿಗೆ ಸರಿಸುವ ಗಡಿಬಿಡಿಯಲ್ಲಿ ನಾನಿದ್ದಾಗ ಹಿಂದೆ ಗದ್ದಲವೆದ್ದಿತು. ಇವರು ಹೊತ್ತು ತಂದಿದ್ದ ಆಟಗಾರನೇ ತಿರುಗಿ ಒಳಗೆ ಓಡಿ, ಯಾರೂ ಅವನ ಕಡೆ ಗಮನ ಕೊಡದಿದ್ದಾಗ, ಗೋಲು ಹೊಡೆದಿದ್ದ. ಶೆಟ್ಟರು ಇಂದಿಗೂ ಅದನ್ನು ತಮ್ಮ ಗೋಲೆಂದೇ ಹೇಳುತ್ತಾರೆ.

ಪಂದ್ಯ ಮುಗಿದ ಮೇಲೆ ಆದಂ ಒಬ್ಬೊಬ್ಬರನ್ನೇ ನಿಲ್ಲಿಸಿ, “ಹೇಗೆ ಹೋಯಿತು ಒಳಗೆ?” ಎಂದು ಕೇಳುತ್ತಿದ್ದರು. ಗುಲ್ ಜಮಾನ್ ಒಂದು ಬಗೆ ಹೇಳಿದ, ಸುಮತಿ ಒಂದು ಬಗೆ, ಚೆಂಡು ಹೆಕ್ಕುವ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಪೂರ್ತಿ ಅಭಿನಯಿಸಿ ತೋರಿಸಿದಳು. ಎಲ್ಲವನ್ನೂ ಅವರು ಹೌದೆಂದು ಕೇಳಿಸಿಕೊಂಡರು.

ನನಗೆ ಮನಸ್ಸು ತಡೆಯಲಿಲ್ಲ. “ಸರ್, ಲೆಕ್ಕ ನೋಡಿದರೆ ಎರಡೂ ಒಂದೇ. ಆಡದಿದ್ದರೂ ಮೂರು ಗೋಲಿನಿಂದ ಸೋಲು, ಆಡಿದರೂ ಮೂರು ಗೋಲಿನಿಂದ ಸೋಲು” ಅಂದೆ.

“ಆಡದೆ ಸೋತಿದ್ದರೆ ಬೊಂಡ ಯಾರಿಗೆ ಕೊಡುತ್ತಿದ್ದೆವು?” ಅಂದರು.

ಅವರನ್ನು ವಿಮಾನ ಹತ್ತಿಸುವಾಗ ಬ್ಯಾಗು ಎಣಿಸಿದೆ. ಇಪ್ಪತ್ತೆಂಟು. ಒಣಮೀನಿನ ಮೂರು ಖಾಲಿ. ಆದಂ ಕೈಹಿಡಿದು ಹೇಳಿದರು: “ಒಂದು ಸಲ ನಮ್ಮ ಊರಿಗೆ ಬನ್ನಿ. ಆದರೆ ನಿಮಗೆ ಬೊಂಡ ಕೊಡುವುದಿಲ್ಲ.” ಸರಿ, ನನ್ನ ತಪ್ಪನ್ನು ಮರೆತಿಲ್ಲ ಎಂದುಕೊಂಡೆ. ನ್ಯಾಯವೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಹಿಂತಿರುಗುವಾಗ ಬಸ್ಸಿನಲ್ಲಿ ಸ್ವಲ್ಪ ನೋವಾಯಿತು. ಗುಲ್ ಜಮಾನ್‌ಗೂ ಹೇಳಲಿಲ್ಲ.

ಆಮೇಲೆ ಏಳು ವರ್ಷ ಕೆಲಸ ಮಾಡಿದೆ. ಫಾರಮ್ಮಿಗೆ ಐವತ್ತನಾಲ್ಕನೆಯ ಚೌಕ ಸೇರಿಸಿದೆ, ಎಲ್ಲಕ್ಕಿಂತ ಮೇಲೆ: ‘ಮನೆ ಯಾರದು ಎಂದು ಕೇಳಿದ್ದಾಯಿತೇ?’ ಈಗ ಅದು ನಿಮ್ಮ ಫೋನಿನ ಆ್ಯಪಿನಲ್ಲಿದೆ. ಹಸಿರು ಗುರುತು ಒತ್ತುವ ಮೊದಲು ಬಾಯಿಬಿಟ್ಟು ಕೇಳಿ. ಬ್ಯಾಗನ್ನೂ ಬಾಯಿಬಿಟ್ಟೇ ಎಣಿಸಿ.

ವೀಸಾ ನವೀಕರಿಸುತ್ತಾ ನವೀಕರಿಸುತ್ತಾ ಇಪ್ಪತ್ತೆಂಟು ವರ್ಷ ಈ ದೇಶದಲ್ಲಿ ಅತಿಥಿಯಾಗಿದ್ದವನು ನಾನು. ದೂರಿಲ್ಲ. ಎರಡು ಸಲ ಕೇಳುವಂತೆ ಈ ನೆಲ ನನ್ನನ್ನು ಇಟ್ಟಿಲ್ಲ. ಹಿಶಾಮ್ ಈಗ ಅವರ ಊರಿನಲ್ಲಿದ್ದಾರೆ, ಹಬ್ಬಕ್ಕೆ ಫೋನು ಮಾಡುತ್ತಾರೆ, ಊಟ ಆಯಿತೇ ಎಂದು ಕೇಳುತ್ತಾರೆ.

ನಿವೃತ್ತಿಯಾದ ವರ್ಷ ಸುಮತಿಯೂ ನಾನೂ ಆ ದ್ವೀಪಕ್ಕೆ ಹೋದೆವು. ಕಟ್ಟೆಯ ಮೇಲೆ ಆದಂ ನಿಂತಿದ್ದರು, ಬೆನ್ನು ಸ್ವಲ್ಪ ಬಾಗಿತ್ತು. ಸುಮತಿಯ ಕೈಗೆ ಒಂದು ಬೊಂಡ ಕೊಟ್ಟರು. ನನಗೆ ಕೊಡಲಿಲ್ಲ. ಏಳು ವರ್ಷದ ಮೇಲೂ ಈ ಮನುಷ್ಯ ಛಲ ಬಿಟ್ಟಿಲ್ಲವಲ್ಲ ಎಂದುಕೊಳ್ಳುತ್ತಿರುವಾಗ, ಅಂದು ಅವರ ಕ್ಲಬ್ಬಿನ ಪಂದ್ಯವಿದೆ, ಎದುರಿನ ದ್ವೀಪದ ದೋಣಿ ಇನ್ನೇನು ಬರುತ್ತದೆ ಎಂದು ತಿಳಿಯಿತು. ಆಟಗಾರರು ಸಾಲಾಗಿ ನಿಂತಿದ್ದರು. ಆದಂ ನನ್ನ ತೋಳು ಹಿಡಿದು ಆ ಸಾಲಿನ ಕೊನೆಗೆ ನಿಲ್ಲಿಸಿ, ಕೈಗೆ ಒಂದು ಕತ್ತಿ, ಕಾಲ ಬಳಿ ಒಂದು ರಾಶಿ ಬೊಂಡ ಕೊಟ್ಟರು.

ಕರಾವಳಿಯವನೆಂಬ ಹಮ್ಮಿನಿಂದ ಬೀಸಿದೆ. ಕತ್ತಿ ಜಾರಿ, ನೀರೆಲ್ಲ ಕಟ್ಟೆಯ ಮೇಲೂ ನನ್ನ ಶೂವಿನ ಮೇಲೂ ಚೆಲ್ಲಿತು. ದೋಣಿ ಹತ್ತಿರ ಬಂದಿತ್ತು. ನಾನು ತಬ್ಬಿಬ್ಬಾಗಿ ಆದಂ ಅವರನ್ನು ನೋಡಿದೆ.

“ಅತಿಥಿ ಚೆಲ್ಲಿದರೆ ನಾವು ಒರೆಸುತ್ತೇವೆ” ಅಂದರು. “ನೀನು ಚೆಲ್ಲಿದರೆ ನೀನೇ ಒರೆಸು. ಬಟ್ಟೆ ಆ ಕಂಬದ ಹತ್ತಿರ ಇದೆ.”

ಬಟ್ಟೆ ತಂದು, ಮಂಡಿಯೂರಿ, ಒರೆಸಿದೆ. ಆಮೇಲೆ ಎದ್ದು ಇನ್ನೊಂದನ್ನು ಕೆತ್ತಿದೆ.